ಅಗಸಿ ಹಿಂಡಿಯೊಂದಿಗೆ ಲಾಸ್ ಏಂಜಲೀಸಿಗೆ

ಶನಿವಾರ ಬೆಳಿಗ್ಗೆ ಐದೂವರೆಗೆ ಪೊವೇ ಎಂಬ ಊರಿನ ತಂಗಿಯ ಮನೆ ಬಿಟ್ಟಾಗ ನನ್ನ ಹೊಟ್ಟೆಯಲ್ಲಿ ಅರ್ಧ ಲೋಟ ಚಹಾ ಬಿಟ್ಟರೆ ಬೇರೇನೂ ಇರಲಿಲ್ಲ. ಕಾರು ಓಡಿಸುತ್ತಿದ್ದವಳು ತಂಗಿ ವೀಣಾ. ಹಿಂದಿನ ಸೀಟಿನಲ್ಲಿ ಕೂತು ತುಟಿ ಅಲುಗಿಸುತ್ತಾ ಭಾಷಣ ಬಾಯಿಪಾಠ ಮಾಡುತ್ತಿದ್ದವಳು ಅವಳ ಮಗಳು, ಹದಿನೈದು ವರ್ಷದ ತನ್ವಿ. ಡಿಕ್ಕಿಯಲ್ಲಿದ್ದ ಚಕ್ರದ ಪೆಟ್ಟಿಗೆಯಲ್ಲಿ ಅರವತ್ತು ಪೊಟ್ಟಣ ಅಗಸಿ ಹಿಂಡಿ. ಬೆಂಗಳೂರಿನವರು ಚಟ್ನಿಪುಡಿ ಎನ್ನುವುದನ್ನು ನಾವು ಹುಬ್ಬಳ್ಳಿಯವರು ಹಿಂಡಿ ಎನ್ನುತ್ತೇವೆ.

ಇಲ್ಲಿ ಹೈಸ್ಕೂಲಿನ ಮಕ್ಕಳಿಗೆ ವ್ಯಾಪಾರದ ಅ ಆ ಇ ಈ ಕಲಿಸುವ ವಾರಾಂತ್ಯದ ತರಗತಿಯೊಂದಿದೆ. ಒಂದು ವಸ್ತು ಮಾಡು, ಬೆಲೆ ನೀನೇ ಕಟ್ಟು, ಗಿರಾಕಿಯನ್ನು ನೀನೇ ಹುಡುಕು, ಪಕ್ಕದವನೂ ಅದನ್ನೇ ಮಾರಲು ಕೂತರೆ ಅಳುತ್ತಾ ಮನೆಗೆ ಬರಬೇಡ. ಪಾಠ ಇಷ್ಟೇ. ಕೊನೆಗೆ ಲಾಸ್ ಏಂಜಲೀಸಿನಲ್ಲಿ ಒಂದು ದಿನದ ಸಂತೆ. ತೀರ್ಪುಗಾರರು ಆರಿಸಿದ ಐದು ಮಕ್ಕಳಿಗೆ ಬೇಸಿಗೆಯಲ್ಲಿ ಎರಡು ವಾರ ಕಂಪನಿಯೊಂದರಲ್ಲಿ ಕೆಲಸ ಕಲಿಯುವ ಅವಕಾಶ. ತನ್ವಿ ವರ್ಷವಿಡೀ ಇದೊಂದನ್ನೇ ಜಪಿಸಿದ್ದಳು.

ನಾನೋ ಮೂವತ್ತು ವರ್ಷ ಕಾಲೇಜಿನಲ್ಲಿ ಕಾಮರ್ಸ್ ಕಲಿಸಿದವಳು. ಮುಕ್ತ ಮಾರುಕಟ್ಟೆ ಎಂದರೇನು ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಆದರೆ ಈ ಜನ್ಮದಲ್ಲಿ ಒಂದು ಗುಂಡುಪಿನ್ನನ್ನೂ ಮಾರಿದವಳಲ್ಲ. ವೀಣಾಳ ಗಂಡ ಬೆಂಗಳೂರಿಗೆ ಹೋಗಿದ್ದ, ವೀಣಾಗೆ ಸೊರೆಂಟೊ ವ್ಯಾಲಿಯ ಆಫೀಸಿನಲ್ಲಿ ಅಂದೇ ತುರ್ತು ಕೆಲಸ ಬಂದಿತ್ತು. ಹೀಗಾಗಿ ಹುಡುಗಿಯ ಜೊತೆಗೆ ನಾನೇ ಹೊರಡಬೇಕಾಯಿತು.

"ಅಕ್ಕಾ, ಅವಳು ಹೇಳಿದ್ದಷ್ಟೇ ಮಾಡು, ಆಯ್ತಾ? ಅಲ್ಲಿ ಹೋಗಿ ಹೆಲ್ಪ್ ಮಾಡ್ತೀನಿ ಅಂತ ಶುರು ಹಚ್ಕೋಬೇಡ" ಎಂದು ಓಶನ್‌ಸೈಡ್ ನಿಲ್ದಾಣದಲ್ಲಿ ನಮ್ಮನ್ನು ಇಳಿಸುವಾಗ ವೀಣಾ ಹೇಳಿದಳು. ನನಗೆ ಸ್ವಲ್ಪ ಸಿಟ್ಟೇ ಬಂತು.

ಅಲ್ಲಿಂದ ಲಾಸ್ ಏಂಜಲೀಸಿಗೆ ಸುಮಾರು ನೂರನಲವತ್ತು ಕಿಲೋಮೀಟರ್, ಎರಡು ಗಂಟೆಯ ರೈಲು ಹಾದಿ. ವಾರಾಂತ್ಯದ ಪಾಸಿಗೆ ನನಗೆ ಹತ್ತು ಡಾಲರ್, ವಿದ್ಯಾರ್ಥಿಯೆಂದು ಅವಳಿಗೆ ಪುಕ್ಕಟೆ. ಎಡಗಡೆ ಸಮುದ್ರ ಇದೆಯೆಂದು ಎಲ್ಲರೂ ಹೇಳಿದ್ದರು, ನನಗೆ ಕಂಡದ್ದು ಬರೀ ಮಂಜು. ಮೇ ತಿಂಗಳಲ್ಲಿ ಈ ಕರಾವಳಿ ಹೀಗೇ ಅಂತೆ. ರೈಲು ನಿಧಾನವಾದಾಗಲೆಲ್ಲ ನಾನು ಗಡಿಯಾರ ನೋಡುತ್ತಿದ್ದೆ.

"ಗಿರಾಕಿ ಬಂದ್ರ ನಕ್ಕೊಂತ ಮಾತಾಡ್ಸು" ಎಂದೆ.

"ಗಿ-ರಾ-ಕಿ" ಎಂದು ತನ್ವಿ ರಾಗ ಎಳೆದು ನಕ್ಕಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮುಂದೆ ಅವಳು ಆಡಿದ್ದನ್ನು ನಾನೇ ಕನ್ನಡಕ್ಕೆ ತಂದು ಬರೆದಿದ್ದೇನೆ.

ಅವಳ ಹಿಂಡಿಯ ಬಗ್ಗೆ ನನಗೊಂದು ತಕರಾರಿತ್ತು. ಅದರಲ್ಲಿ ಒಂದು ಕಾಳೂ ಶೇಂಗಾ ಇರಲಿಲ್ಲ. ಇಲ್ಲಿ ಕೆಲವು ಮಕ್ಕಳಿಗೆ ಶೇಂಗಾ ತಿಂದರೆ ಗಂಟಲು ಬಿಗಿದು ಉಸಿರೇ ನಿಲ್ಲುತ್ತದಂತೆ. ಮೂರನೇ ತರಗತಿಯಲ್ಲಿ ಅವಳ ಗೆಳತಿಯನ್ನು ಆಂಬುಲೆನ್ಸಿನಲ್ಲಿ ಒಯ್ದದ್ದನ್ನು ಕಣ್ಣಾರೆ ಕಂಡಿದ್ದಳು. ಹಾಗಾಗಿ ಹೊಸ ಮಿಕ್ಸಿ ಜಾರು ತರಿಸಿ, ಪ್ರತಿ ಪೊಟ್ಟಣಕ್ಕೂ 'ಶೇಂಗಾ ಇಲ್ಲ' ಎಂದು ಇಂಗ್ಲಿಷಿನಲ್ಲಿ ಲೇಬಲ್ ಅಂಟಿಸಿದ್ದಳು. ಇದೆಲ್ಲ ಅತಿಯಾಯಿತು ಎಂದು ನನಗೆ ಒಳಗೊಳಗೇ ಅನಿಸಿತ್ತು. ಮಧ್ಯಾಹ್ನದ ರೊಟ್ಟಿಗೆ ಹಚ್ಚಿಕೊಳ್ಳಲೆಂದು ಹುಬ್ಬಳ್ಳಿಯಿಂದ ತಂದ ಶೇಂಗಾ ಹಿಂಡಿಯ ಡಬ್ಬಿ ನನ್ನ ಚೀಲದಲ್ಲೇ ಇತ್ತು.

ಯೂನಿಯನ್ ಸ್ಟೇಷನ್ನಿನ ಹೊರಗೆ ತಳ್ಳುಗಾಡಿಯ ಹೆಂಗಸೊಬ್ಬಳು ಹಣ್ಣು ಹೆಚ್ಚಿ ನಿಂಬೆರಸ, ಖಾರ ಉದುರಿಸಿ ಕೊಡುತ್ತಿದ್ದಳು. ಕಪ್ಪು ತುಂಬಿಸಿ ಹಣ ಪಡೆದ ಮೇಲೆ ಇನ್ನೆರಡು ಮಾವಿನ ಹೋಳು ಮೇಲಿಟ್ಟಳು. ಕೊಸರು! ಅಳತೆ ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುವ ನಮ್ಮ ಸಂತೆಯ ಪದ್ಧತಿ ಈ ಊರಲ್ಲೂ ಇದೆಯಲ್ಲ ಎಂದು ನನಗೆ ಆ ದಿನ ಮೊದಲ ಬಾರಿಗೆ ಧೈರ್ಯ ಬಂತು.

ಸಂತೆ ನಡೆದದ್ದು ಶಾಲೆಯೊಂದರ ದೊಡ್ಡ ಹಾಲಿನಲ್ಲಿ, ಟ್ಯಾಕ್ಸಿಯಲ್ಲಿ ಕಾಲು ಗಂಟೆಯ ದಾರಿ. ಮೇಣದಬತ್ತಿ, ಸೋಪು, ಮಣಿಸರ, ನಾಯಿಯ ಅಂಗಿ ಇಟ್ಟುಕೊಂಡ ಮಕ್ಕಳು ಸಾಲಾಗಿ ನಿಂತಿದ್ದರು. ಹನ್ನೆರಡಕ್ಕೆ ತನ್ವಿ ವೇದಿಕೆಯ ಮೇಲೆ ಮಾತಾಡಬೇಕಿತ್ತು, ಒಂದೂವರೆಗೆ ತೀರ್ಪುಗಾರರು ಅವಳ ಮೇಜಿಗೆ ಬರುವವರಿದ್ದರು. "ಇಪ್ಪತ್ತು ನಿಮಿಷ ನೋಡಿಕೋ ದೊಡ್ಡಮ್ಮ" ಎಂದು ಹೇಳಿ ಹೋದಳು.

ಆ ಇಪ್ಪತ್ತು ನಿಮಿಷದಲ್ಲಿ ಏಳು ಜನ ಗಿರಾಕಿಗಳು ಬಂದರು. ಕೊಂಡವರಿಗೆ ಬರೀ ಒಂದು ಪೊಟ್ಟಣ ಕೊಟ್ಟು, ಕೊಸರಿಲ್ಲದೆ ಕಳಿಸುವುದು ನನ್ನಿಂದಾಗಲಿಲ್ಲ. ಚೀಲದಿಂದ ಡಬ್ಬಿ ತೆಗೆದೆ. ಒಂದೊಂದು ಚಮಚೆ ಶೇಂಗಾ ಹಿಂಡಿಯನ್ನು ಕಾಗದದಲ್ಲಿ ಮಡಚಿ ಏಳೂ ಜನರಿಗೆ ಕೊಟ್ಟೆ. ಅವರು ಥ್ಯಾಂಕ್ಸ್ ಹೇಳಿದಾಗ, ಮೂವತ್ತು ವರ್ಷದ ನನ್ನ ಪಾಠ ಈಗ ಕೈಗೂಡಿತು ಎಂದು ಉಬ್ಬಿದೆ.

ತನ್ವಿ ಓಡೋಡಿ ಬಂದಳು, ಮುಖವೆಲ್ಲ ನಗು. ಮೇಜಿನ ಮೇಲಿದ್ದ ಡಬ್ಬಿ ನೋಡಿದಳು.

"ಇದೇನು?"

"ಕೊಸರು ಕೊಟ್ನಿ. ನಮ್ಮ ಶೇಂಗಾ ಹಿಂಡಿ."

ಅವಳ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಆಗ ನನಗೆ ಹೊಳೆಯಿತು. ಲೇಬಲ್ ನಂಬಿ ಕೊಂಡವರ ಕೈಗೆ ನಾನು ವಿಷವನ್ನೇ ಇಟ್ಟಿದ್ದೆನೇನೋ. ಅವಳು ಬೈಯಲಿಲ್ಲ. "ಎಷ್ಟು ಜನ? ಹೇಗಿದ್ದರು?" ಎಂದಷ್ಟೇ ಕೇಳಿದಳು. ಮೇಜಿಗೆ ಬಟ್ಟೆ ಮುಚ್ಚಿ ವೇದಿಕೆಗೆ ಹೋಗಿ ಮೈಕಿನಲ್ಲಿ ತಪ್ಪನ್ನು ಹೇಳಿದಳು. ಹತ್ತು ನಿಮಿಷದ ಹಿಂದೆ ತನ್ನ ಹಿಂಡಿಯನ್ನು ಹೊಗಳಿದ್ದು ಅದೇ ಮೈಕಿನಲ್ಲಿ. ಆಮೇಲೆ ಜನರ ನಡುವೆ ನುಗ್ಗಿ ಒಬ್ಬೊಬ್ಬರನ್ನೇ ಹುಡುಕತೊಡಗಿದಳು.

ಒಂದೂವರೆಗೆ ತೀರ್ಪುಗಾರರು ಬಂದಾಗ ಮೇಜಿನ ಹಿಂದೆ ಇದ್ದವಳು ನಾನೊಬ್ಬಳೇ. "ತಪ್ಪು ನಂದು, ಹುಡುಗಿದಲ್ಲ" ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಎರಡೆರಡು ಸಲ ಹೇಳಿದೆ. ಅವರು ಸೌಜನ್ಯದಿಂದಲೇ ಕೇಳಿಸಿಕೊಂಡರು. ಮಳಿಗೆ ಮುಚ್ಚಿದ್ದರೆ ಅಂಕ ಕೊಡುವಂತಿಲ್ಲ ಎಂದು ತಿಳಿಸಿ ಮುಂದಿನ ಮೇಜಿಗೆ ಹೋದರು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು.

ಆರು ಕಾಗದದ ಪೊಟ್ಟಣ ವಾಪಸ್ ಬಂದವು. ಏಳನೆಯದು ಹಳದಿ ಅಂಗಿ ತೊಟ್ಟ ಹೆಂಗಸಿನ ಕೈಯಲ್ಲಿತ್ತು, ಅವಳ ಜೊತೆ ನಾಲ್ಕೈದು ವರ್ಷದ ಮಗಳಿದ್ದಳು. ಹಾಲಿನಲ್ಲಿ, ಹೊರಗೆ, ಪಾರ್ಕಿಂಗಿನಲ್ಲಿ ಎಲ್ಲೂ ಅವರು ಕಾಣಲಿಲ್ಲ. ಹಣವನ್ನು ನೋಟಿನಲ್ಲಿ ಕೊಟ್ಟಿದ್ದರಿಂದ ಹೆಸರೂ ಇಲ್ಲ. ಲೇಬಲ್ಲಿನ ಮೇಲೆ ತನ್ವಿಯ ಇಮೇಲ್ ಇತ್ತು, ಅವರೇ ಬರೆದರೆ ಉಂಟು.

ಸಂಜೆಯ ರೈಲಿನಲ್ಲಿ ರೊಟ್ಟಿ ಬಿಚ್ಚಲಿಲ್ಲ. ಮಂಜು ಕರಗಿತ್ತು, ಬಲಗಡೆ ಸಮುದ್ರ ಪೂರಾ ಕಾಣುತ್ತಿತ್ತು, ನೋಡುವ ಮನಸ್ಸಿರಲಿಲ್ಲ. ತನ್ವಿ ಫೋನನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಅದನ್ನೇ ದಿಟ್ಟಿಸುತ್ತಿದ್ದಳು. "ತಪ್ಪಾತು ಮಗಾ" ಎಂದೆ. ಅವಳು ತಲೆಯಾಡಿಸಿದಳು. ಆ ಪುಟ್ಟ ಹುಡುಗಿಯ ಗಂಟಲನ್ನೇ ನೆನೆಯುತ್ತಾ ನಾನು ನಿಲ್ದಾಣ ನಿಲ್ದಾಣಕ್ಕೂ ದೇವರಿಗೆ ಮೊರೆಯಿಟ್ಟೆ.

ಓಶನ್‌ಸೈಡ್ ಇನ್ನು ಹದಿನೈದು ನಿಮಿಷ ಇರುವಾಗ ಫೋನು ಗುಂಯ್ ಎಂದಿತು. ಅವಳು ಓದಿ, ಕಣ್ಣು ಮುಚ್ಚಿ, ಫೋನನ್ನು ನನ್ನ ಕೈಗಿಟ್ಟಳು. ಆ ತಾಯಿ ಬರೆದಿದ್ದಳು: ಮಗಳಿಗೆ ಶೇಂಗಾ ಆಗುವುದಿಲ್ಲ. ನಿನ್ನ ಪೊಟ್ಟಣದ ಮೇಲೆ ಬರೆದದ್ದನ್ನು ನಂಬಿ ಅನ್ನಕ್ಕೆ ಕಲಸಿ ಕೊಟ್ಟೆ, ಇಷ್ಟಪಟ್ಟು ತಿಂದಳು, ಇನ್ನೂ ಬೇಕಂತೆ. ನಿನ್ನ ಮೇಜಿನಲ್ಲಿದ್ದ ಅಜ್ಜಿ ಕೊಟ್ಟ ಇನ್ನೊಂದಕ್ಕೆ ಲೇಬಲ್ ಇರಲಿಲ್ಲ, ಕ್ಷಮಿಸು, ಅದನ್ನು ಬಿಚ್ಚದೆ ಕಸಕ್ಕೆ ಹಾಕಿದೆ.

ನನ್ನ ಕೊಸರು ಕಸಕ್ಕೆ ಬಿದ್ದದ್ದಕ್ಕೆ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತುಬಿಟ್ಟೆವು.

ವೀಣಾ ನಿಲ್ದಾಣದಲ್ಲಿ ಕಾಯುತ್ತಿದ್ದಳು. "ಏನಾಯ್ತು? ಸೆಲೆಕ್ಟ್ ಆದ್ಯಾ?" ಎಂದು ದೂರದಿಂದಲೇ ಕೂಗಿದಳು. ನಾನು ತಲೆ ತಗ್ಗಿಸಿದೆ.

ತನ್ವಿ ಪೆಟ್ಟಿಗೆಯನ್ನು ಡಿಕ್ಕಿಗೆ ಎತ್ತಿಟ್ಟು ತಾಯಿಯ ಕಡೆ ತಿರುಗಿದಳು. ಅಂದು ಮೊದಲ ಬಾರಿಗೆ ಕನ್ನಡದಲ್ಲಿ, ಅದೂ ನನ್ನ ಹುಬ್ಬಳ್ಳಿಯ ರಾಗದಲ್ಲಿ ಹೇಳಿದಳು.

"ಇಲ್ಲಮ್ಮ. ಆದ್ರ ನನ್ನ ಗಿರಾಕಿ ಎಲ್ಲಾರೂ ಆರಾಮ ಇದ್ದಾರ."