ಮುಖ ತೋರಿಸಿ ಬಿದ್ದವರು

ಫೈಟ್ ಮಾಸ್ಟರ್ ವಾಜಿದ್ ಸಿನಿಮಾ ನಿರ್ದೇಶಕನಾಗುತ್ತಾನಂತೆ ಎಂಬ ಸುದ್ದಿ ೨೦೦೩ರಲ್ಲಿ ಶಿವಾಜಿನಗರಕ್ಕೆ ತಲುಪಿದಾಗ ಅಲ್ಲಿ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗಳಲ್ಲಿ ಎಲ್ಲರೂ ಏನಾದರೊಂದು ಆಗುತ್ತಲೇ ಇರುತ್ತಾರೆ. ಅವನ ಅಪ್ಪ ಅಂಥದೇ ಒಂದು ಗಲ್ಲಿಯಲ್ಲಿ ಹತ್ತಿ ತುಂಬಿ ಹಾಸಿಗೆ ಹೊಲಿಯುತ್ತಿದ್ದವರು. ಮಗ ಅಂಗಡಿ ಬಿಟ್ಟು ಹೋಗಬಾರದು ಎಂದು ಅವರಿಗೆ ಆಸೆ. ಆ ಆಸೆಯನ್ನು ವಾಜಿದ್ ತನ್ನದೇ ರೀತಿಯಲ್ಲಿ ನಡೆಸಿಕೊಟ್ಟ. ಶಾಲೆಯಿಂದ ಬಂದವನೇ ಹೊಲಿದಿಟ್ಟ ಹೊಸ ಹಾಸಿಗೆಗಳ ಮೇಲೆ ಪಲ್ಟಿ ಹೊಡೆಯುತ್ತ ಕತ್ತಲಾಗುವವರೆಗೂ ಅಂಗಡಿಯಲ್ಲೇ ಇರುತ್ತಿದ್ದ. ಗಿರಾಕಿ ಬಂದು ನೋಡಿದರೆ ಹಾಸಿಗೆಯ ನಡುವೆ ಗುಂಡಿ. "ಹತ್ತಿ ಇನ್ನೂ ಕೂತ್ಕೊಳ್ತಾ ಇದೆ ಸಾಬ್" ಎಂದು ಅಪ್ಪ ಏನೋ ಒಂದು ಹೇಳಿ ಕಳಿಸಿ, ಆಮೇಲೆ ಗಜಕಡ್ಡಿ ಹುಡುಕುತ್ತಿದ್ದರು.

ಕುಕ್ ಟೌನಿನ ಒಂದು ಚರ್ಚ್ ಮೈದಾನದಲ್ಲಿ ಬೆಳಗಿನ ಹೊತ್ತು ಕರಾಟೆ ಹೇಳಿಕೊಡುತ್ತಿದ್ದರು. ವಾಜಿದ್ ಅಲ್ಲಿ ಸೇರಿಕೊಂಡ. ಇಪ್ಪತ್ತು ತುಂಬುವ ಹೊತ್ತಿಗೆ ಕಪ್ಪು ಬೆಲ್ಟ್ ಕಟ್ಟಿ, ಇಂದಿರಾನಗರದ ಬಂಗಲೆಗಳ ಮಕ್ಕಳಿಗೆ ತಾನೇ ಪಾಠ ಹೇಳತೊಡಗಿದ. ಆ ಮಕ್ಕಳ ಪೈಕಿ ಒಬ್ಬಳ ಚಿಕ್ಕಪ್ಪ ಸಿನಿಮಾ ಕಂಪನಿಯ ಮ್ಯಾನೇಜರ್. "ನಮ್ಮ ಪಿಕ್ಚರ್‌ನಲ್ಲಿ ಫೈಟರ್ ಆಗಿ ಬರ್ತೀಯೇನಪ್ಪ?" ಎಂದು ಅವರು ಕೇಳಿದ್ದು ೧೯೯೧ರಲ್ಲಿ. ವಾಜಿದ್ ನೆಲದ ಮೇಲೆ ನಿಲ್ಲಲಿಲ್ಲ.

ಮೊದಲ ದಿನವೇ ಮರ್ಯಾದೆ ಮೂರಾಬಟ್ಟೆಯಾಯಿತು. ಅವನು ಗಾಳಿಯಲ್ಲಿ ತಿರುಗಿ ಒದ್ದ ಒದೆ ಎಷ್ಟು ಚುರುಕಾಗಿತ್ತೆಂದರೆ ಕ್ಯಾಮೆರಾದ ಹಿಂದಿದ್ದವರು "ಒದ್ದೆಯಾ? ಯಾವಾಗ?" ಎಂದು ಕೇಳಿದರು. ಅದಾದರೂ ಹೋಗಲಿ. ಹೀರೋ ಮುಷ್ಟಿ ಬೀಸಿದಾಗ ಕರಾಟೆ ಕಲಿತ ಕೈ ಯಾರ ಅಪ್ಪಣೆಯನ್ನೂ ಕಾಯದೆ ತಾನಾಗಿ ಮೇಲೆದ್ದು ಅದನ್ನು ತಡೆದುಬಿಟ್ಟಿತು. ಹೀರೋನ ಮಣಿಕಟ್ಟು ಊದಿಕೊಂಡು ಆ ದಿನದ ಶೂಟಿಂಗೇ ನಿಂತಿತು. ಎಲ್ಲರೂ ಬಯ್ದು ಮುಗಿಸಿದ ಮೇಲೆ ಪಕ್ಕಕ್ಕೆ ಕರೆದು ಟೀ ಕೊಡಿಸಿದವರು ಅಕ್ತರ್. ಅವನಿಗಿಂತ ಹತ್ತು ವರ್ಷ ದೊಡ್ಡವರು, ಪಕ್ಕದ ಗಲ್ಲಿಯವರೇ, ಆಗಲೇ ಬಹಳ ವರ್ಷಗಳಿಂದ ಹೀರೋಗಳ ಕೈಯಲ್ಲಿ ಏಟು ತಿನ್ನುತ್ತಿದ್ದವರು.

"ಪಿಕ್ಚರ್‌ನಲ್ಲಿ ಹೊಡೆಯೋನು ಹೀರೋ ಅಲ್ಲಪ್ಪ" ಎಂದರು ಅಕ್ತರ್. "ಅವನ ಕೈ ನಿನ್ ಮೈಗೆ ತಾಗೋದೇ ಇಲ್ಲ. ನೀನು ಬಿದ್ರೇನೇ ಅದು ಏಟು. ಇನ್ನೊಂದ್ ಮಾತು. ಬೀಳೋವಾಗ ಮುಖ ಆ ಕಡೆ ತಿರುಗಿಸ್ಕೊಂಡ್ ಬೀಳು. ಮುಖ ಕಾಣಿಸ್ತೋ, ಮುಂದಿನ ಫೈಟಿಗೆ ನಿನಗೆ ಕೆಲಸ ಇಲ್ಲ."

ಆ ಕಾಲದ ಪದ್ಧತಿ ಅದು. ಒಂದು ಪಿಕ್ಚರ್‌ಗೆ ಇದ್ದದ್ದೇ ಏಳೆಂಟು ಫೈಟರ್‌ಗಳು. ಮಾರ್ಕೆಟ್ಟಿನಲ್ಲಿ ಏಟು ತಿಂದು ಸತ್ತವನೇ ಲುಂಗಿ ಬದಲಿಸಿ, ಮೀಸೆ ಅಂಟಿಸಿಕೊಂಡು ಗೋಡೌನಿನಲ್ಲಿ ಮತ್ತೆ ಸಾಯಲು ಬರಬೇಕು. ನೋಡುವವರಿಗೆ ಬೆನ್ನು ಕಂಡರೆ ಸಾಕು. ವಾಜಿದ್ ಈ ವಿದ್ಯೆ ಕಲಿತ, ಚೆನ್ನಾಗಿಯೇ ಕಲಿತ. ತೊಂಬತ್ತರ ದಶಕ ಮುಗಿಯುವುದರೊಳಗೆ ಅವನೇ ಫೈಟ್ ಮಾಸ್ಟರ್ ಆಗಿ, ತನ್ನದೇ ಎಂಟು ಜನರ ತಂಡ ಕಟ್ಟಿಕೊಂಡ. ತಂಡದ ಹಿರಿಯ ಅಕ್ತರ್ ಭಾಯ್. ಆದರೆ ಆ ಬೆನ್ನುಗಳ ವಿಷಯ ಮಾತ್ರ ಅವನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು.

ನಿರ್ದೇಶನದ ಅವಕಾಶ ಬಂದದ್ದು ಕೆ.ಆರ್. ಪುರದಿಂದ. ಅಲ್ಲಿನ ಮುನಿನಾರಾಯಣಪ್ಪ ಒಂದು ಕಾಲಕ್ಕೆ ಕೆರೆಯ ಕೆಳಗೆ ರಾಗಿ, ಸೊಪ್ಪು ಬೆಳೆಯುತ್ತಿದ್ದವರು. ಊರು ಬೆಳೆದು ಹೊಲದಲ್ಲಿ ಲೇಔಟ್ ಎದ್ದ ಮೇಲೆ ಬಾಡಿಗೆ ಬರುತ್ತಿತ್ತು, ಹೊತ್ತು ಮಾತ್ರ ಹೋಗುತ್ತಿರಲಿಲ್ಲ. ದಿನಕ್ಕೊಂದು ಪಿಕ್ಚರ್ ನೋಡುವ ಚಟ ಹತ್ತಿತ್ತು.

"ನಾನು ಟಾಕೀಸಿಗೆ ಹೋಗೋದೇ ಫೈಟ್ ನೋಡೋಕೆ ಮಾಸ್ಟ್ರೇ" ಎಂದರು ಅವರು, ಒಂದು ದಿನ ಶೂಟಿಂಗ್ ನೋಡಲು ಬಂದು ವಾಜಿದ್ ಕೈಗೆ ಎಳನೀರು ಕೊಟ್ಟು, ಸುತ್ತಿ ಬಳಸದೆ. "ನಡುವೆ ಬರೋ ಹಾಡು, ಮಾತು ಎಲ್ಲಾನೂ ನೀವೇ ಯಾಕ್ ಮಾಡ್ಬಾರ್ದು? ನಾನ್ ಹಾಕ್ತೀನಿ ದುಡ್ಡು."

ನಿರ್ದೇಶಕರಾಗಲು ಜನ ಏನೇನೋ ಓದುತ್ತಾರೆ, ಯಾರ್‍ಯಾರದೋ ಮನೆ ಬಾಗಿಲು ಕಾಯುತ್ತಾರೆ. ವಾಜಿದ್‌ಗೆ ಅದು ಎಳನೀರು ಕುಡಿಯುತ್ತ ನಿಂತಾಗ ಸಿಕ್ಕಿತು. ಅವನು ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಈ ಪಿಕ್ಚರ್ ಕೈಕೊಟ್ಟರೆ ಇನ್ನು ಯಾರೂ ಒಬ್ಬ ಫೈಟ್ ಮಾಸ್ಟರನ್ನು ನಂಬಿ ಸಿನಿಮಾ ಕೊಡುವುದಿಲ್ಲ, ಆಮೇಲೆ ಇಂದಿರಾನಗರದ ಕರಾಟೆ ಕ್ಲಾಸೇ ಗತಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ಗೊತ್ತಿದ್ದೂ ಅವನು ಎಡವಿದ. ಅದೂ ಎಂಥ ಎಡವಟ್ಟು! ಫೈಟ್ ಮಾಸ್ಟರ್ ಅಲ್ಲದ ನಿರ್ದೇಶಕನಾಗಿದ್ದರೆ ಅದನ್ನು ಮಾಡುತ್ತಲೇ ಇರಲಿಲ್ಲ. ಪಿಕ್ಚರ್‌ನಲ್ಲಿ ನಾಲ್ಕು ಫೈಟು. ತನ್ನ ತಂಡದವರನ್ನು ಬಿಟ್ಟು ಹೊರಗಿನವರನ್ನು ಒಬ್ಬರನ್ನೂ ಕರೆಯುವುದಿಲ್ಲ ಎಂದು ಎಂಟೂ ಜನರಿಗೆ ಮಾತು ಕೊಟ್ಟಿದ್ದ. ಜೊತೆಗೆ, ಇಷ್ಟು ವರ್ಷ ಬೆನ್ನು ತೋರಿಸಿದವರ ಮುಖ ಈ ಒಂದು ಸಲವಾದರೂ ಪರದೆಯ ಮೇಲೆ ಬರಲಿ ಎಂದು ಪ್ರತಿಯೊಂದು ಏಟಿಗೂ ಕ್ಯಾಮೆರಾವನ್ನು ಬೀಳುವವರ ಎದುರಿಗೇ ಇಡಿಸಿದ. ಎರಡೂ ಪ್ರೀತಿಯಿಂದಲೇ ಮಾಡಿದ್ದು. ಎರಡೂ ಒಟ್ಟಿಗೆ ನಡೆಯುವುದಿಲ್ಲ ಎಂದು ಅಕ್ತರ್ ಭಾಯ್ ಸೆಟ್ಟಿನಲ್ಲೇ ಒಮ್ಮೆ ಗೊಣಗಿದರು. "ನೀವು ಸುಮ್ನಿರಿ ಭಾಯ್, ನಿಮ್ ಮುಖ ಚೆನ್ನಾಗಿ ಬರ್ತಾ ಇದೆ" ಎಂದು ವಾಜಿದ್ ನಕ್ಕುಬಿಟ್ಟ. ಬಹುದಿನದಿಂದ ಕನ್ನಡಿಯಲ್ಲಷ್ಟೇ ತಮ್ಮ ಮುಖ ನೋಡಿಕೊಂಡಿದ್ದ ಅಕ್ತರ್ ಕೂಡ ಮುಂದಿನ ಏಟಿಗೆ ತಲೆ ಬಾಚಿಕೊಂಡು ಬಂದು ನಿಂತರು.

ಚಿತ್ರೀಕರಣ ಮುಗಿಯಿತು, ಕುಂಬಳಕಾಯಿ ಒಡೆದರು. ಹೀರೋ ಡಬ್ಬಿಂಗಿಗೆ ಬರುತ್ತೇನೆಂದು ಹೇಳಿ, ಕೂದಲು ಕತ್ತರಿಸಿಕೊಂಡು ಬೇರೆ ಪಿಕ್ಚರ್‌ಗೆ ಹೊರಟುಹೋದ. ಒಂದು ಮಧ್ಯಾಹ್ನ ಮುನಿನಾರಾಯಣಪ್ಪ ತಮ್ಮ ಹೆಂಡತಿ ಅಣ್ಣಮ್ಮನವರನ್ನೂ ಕರೆದುಕೊಂಡು ಎಡಿಟ್ ಆದ ಪಿಕ್ಚರ್ ನೋಡಲು ಬಂದರು.

ಹಲಸೂರಿನ ಸಂದಿಯಲ್ಲಿ ನಡೆಯುವ ಮೊದಲನೇ ಫೈಟಿಗೆ ಅವರು ತೊಡೆ ತಟ್ಟಿಕೊಂಡರು. ಸಂತೆಯಲ್ಲಿ ನಡೆಯುವ ಎರಡನೆಯದಕ್ಕೆ ಹುಬ್ಬು ಗಂಟಾಯಿತು. ಇಟ್ಟಿಗೆ ಗೂಡಿನ ಫೈಟು ಬಂದಾಗ ಎದ್ದೇ ನಿಂತರು.

"ಏನ್ರೀ ಮಾಸ್ಟ್ರೇ ಇದು? ಆಗ್ಲೇ ಸತ್ತೋದ್ನಲ್ಲ, ಅವ್ನೇ ಅಲ್ವೇನ್ರೀ ಇವ್ನು? ಅವ್ರೇ ಎಂಟ್ ಜನ, ಅವೇ ಮುಖ! ಜನ ಸೀಟ್ ಕಿತ್ತಾಕ್ತಾರೆ!"

ಅಷ್ಟು ದಿನ ಆ ಮುಖಗಳನ್ನು ಅಕ್ಕರೆಯಿಂದ ನೋಡಿದ ವಾಜಿದ್‌ಗೆ ಈಗ ಅವು ಬೇರೆಯವರ ಕಣ್ಣಿನಿಂದ ಕಂಡವು. ಮತ್ತೆ ಫೈಟು ತೆಗೆಯೋಣವೆಂದರೆ ಹೀರೋ ಇಲ್ಲ, ಇದ್ದರೂ ಅವನ ತಲೆಯಲ್ಲಿ ಕೂದಲಿಲ್ಲ.

"ತಪ್ ತಿಳ್ಕೋಬೇಡಿ" ಎಂದರು ಮುನಿನಾರಾಯಣಪ್ಪ, ದನಿ ತಗ್ಗಿಸಿ. "ಬೇರೆ ಡೈರೆಕ್ಟ್ರನ್ನ ಕರ್ಸಿ ಹೆಂಗೋ ಸರಿ ಮಾಡಿಸ್ತೀನಿ. ಹೆಸ್ರೂ ಅವ್ರದೇ ಹಾಕ್ಬೇಕಾಗ್ತದೆ."

ಅಣ್ಣಮ್ಮ ಮಾತ್ರ ಇವರ ಮಾತಿನ ಕಡೆ ಕಿವಿಗೊಟ್ಟಿರಲಿಲ್ಲ. ಪರದೆಯ ಮೇಲೆ ಅಕ್ತರ್ ಇಟ್ಟಿಗೆ ರಾಶಿಯ ಮೇಲೆ ಬೀಳುತ್ತಿದ್ದರು. "ಅಯ್ಯೋ ಪಾಪ" ಎಂದು ಆಕೆ ಲೊಚಗುಟ್ಟಿದರು. "ಸಂತೇಲಿ ತಿಂದಿದ್ದ ಏಟೇ ವಾಸಿ ಆಗಿರಾಕಿಲ್ಲ, ಮತ್ಯಾಕ್ ಬಂದ್ನೋ ಇವ್ನು! ಮನೇಲಿ ಯಾರೂ ಇಲ್ವಾ ಹೇಳೋರು?"

ವಾಜಿದ್ ತಟ್ಟನೆ ಅವರ ಕಡೆ ತಿರುಗಿದ. ಸೀಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದ: "ಅಮ್ಮ, ಇನ್ನೊಂದ್ ಸಲ ಹೇಳಿ. ಅವನು ಸಾಯ್ಲಿಲ್ಲ ಅಂತ ಅನ್ಕೊಂಡ್ರಾ ನೀವು?"

"ಸಾಯೋದೆಲ್ಲಿ ಬಂತು? ಏಟು ಬಿತ್ತು, ಬಿದ್ದ. ಬಡವರ ಮನೆ ಮಕ್ಳು, ಹೊಟ್ಟೆಪಾಡಿಗೆ ಮತ್ತೆ ಬಂದವ್ನೆ."

ವಾಜಿದ್‌ಗೆ ಅಷ್ಟು ಸಾಕಾಯಿತು. ಒಂದು ವಾರ ಕೊಡಿ ಎಂದು ಮುನಿನಾರಾಯಣಪ್ಪನವರ ಕೈ ಹಿಡಿದುಕೊಂಡ. ಹೀರೋ ಬೇಕಾಗಿಲ್ಲ, ತನ್ನ ಎಂಟು ಜನ ಸಾಕು, ಅವರೇ ಮತ್ತೆ ಮತ್ತೆ ಯಾಕೆ ಬರುತ್ತಾರೆ ಎಂದು ತೋರಿಸುತ್ತೇನೆ ಎಂದ. ಮುನಿನಾರಾಯಣಪ್ಪ ಹೆಂಡತಿಯ ಮುಖ ನೋಡಿದರು. ಆಕೆ ತಲೆ ಆಡಿಸಿದ ಮೇಲೆ ಇವರೂ ಆಡಿಸಿದರು.

ಆ ವಾರ ವಾಜಿದ್ ಫೈಟೇ ಇಲ್ಲದ ಸಿನಿಮಾ ತೆಗೆದ. ಹಲಸೂರಿನಲ್ಲಿ ಏಟು ತಿಂದವರು ಟೀ ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದಾರೆ, ಕೈಗೆ ಕಟ್ಟು ಹಾಕಿಸಿಕೊಂಡವನಿಗೆ ಪಕ್ಕದವನು ಟೀ ಕುಡಿಸುತ್ತಾನೆ. ಅವರ ಧಣಿಯ ಕಡೆಯವನು ಬಂದು "ಕಟ್ಟು ಬಿಚ್ರೋ, ನೋಡಿದೋರು ನಗ್ತಾರೆ" ಎಂದು ಗದರುತ್ತಾನೆ. ಒಬ್ಬೊಬ್ಬರೇ ಕಟ್ಟಿನ ಬಟ್ಟೆ ಬಿಚ್ಚಿ ಜೇಬಿಗೆ ತುರುಕಿಕೊಂಡು ಸಂತೆಯ ಕಡೆ ನಡೆಯುತ್ತಾರೆ. ಮುಂದಿನ ಫೈಟುಗಳಲ್ಲಿ ಕಟ್ಟುಗಳು ಯಾಕಿಲ್ಲ ಎಂಬುದಕ್ಕೂ ಅಲ್ಲಿಗೆ ಉತ್ತರ ಸಿಕ್ಕಿತು.

ಕೊನೆಯ ಫೈಟಿಗೆ ಮುಂಚೆ ಅಕ್ತರ್ ಮನೆಗೆ ಹೋಗುವ ದೃಶ್ಯ ಬೇಕಾಗಿತ್ತು. ಪಾತ್ರದ ಹೆಸರು ಸಿದ್ದ, ಮನೆಯಲ್ಲಿ ತಾಯಿ. ತಾಯಿಯ ಪಾತ್ರಕ್ಕೆ ಬರಬೇಕಾಗಿದ್ದ ನಟಿ ಬರಲೇ ಇಲ್ಲ. ಮುನಿನಾರಾಯಣಪ್ಪನವರ ಹಳೆಯ ಮನೆಯ ಅಡುಗೆಮನೆಯಲ್ಲಿ ದೀಪಗಳನ್ನು ಹಚ್ಚಿಕೊಂಡು ಎಲ್ಲರೂ ಕೈಕಟ್ಟಿ ನಿಂತಿದ್ದಾಗ ಅಣ್ಣಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು.

"ಮುದ್ದೆ ಮಾಡಿರೋಳು ನಾನು. ನಾನೇ ಬಡಿಸ್ತೀನಿ ಬಿಡಿ."

"ಏ, ಏನೇ ಇದು, ಊರೋರು ಏನಂತಾರೆ" ಎಂದು ಗಂಡ ಬಡಬಡಿಸಿದರು. ಆಕೆ ಅವರ ಮಾತನ್ನು ಸೊಪ್ಪಿನ ಕಡ್ಡಿ ಎಸೆದಂತೆ ಎಸೆದರು. ಅಕ್ತರ್ ಮುಂದೆ ತಟ್ಟೆ ಇಟ್ಟು, ಬಿಸಿ ಮುದ್ದೆ, ಸಾರು ಬಡಿಸಿ, ಅವರು ಉಣ್ಣುವುದನ್ನೇ ನೋಡುತ್ತ ಕೂತರು. ಮಾತು ಬರೆದಿರಲಿಲ್ಲ. ಮುಖದ ಮೇಲಿನ ಬಣ್ಣದ ಗಾಯ ಕಂಡಾಗ ಆಕೆಯ ಕೈ ತಾನಾಗಿ ಅಲ್ಲಿಗೆ ಹೋಯಿತು. "ನಾಳೆ ಹೋಗ್ಬೇಡ ಕಣೋ, ಸಿದ್ದ" ಎಂದರು. ಏಟು ಬಿದ್ದಾಗ ಏನು ಮಾಡಬೇಕೆಂದು ಅಕ್ತರ್‌ಗೆ ಗೊತ್ತಿತ್ತು. ಹೀಗೆ ಯಾರಾದರೂ ಕೆನ್ನೆ ಸವರಿದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ತುತ್ತು ಕೈಯಲ್ಲೇ ಉಳಿದು ಕಣ್ಣು ತುಂಬಿತು. ವಾಜಿದ್ ಕಟ್ ಹೇಳುವುದನ್ನೇ ಮರೆತ.

ಡಬ್ಬಿಂಗಿಗೆ ಬಂದ ಹೀರೋ ಇದನ್ನೆಲ್ಲ ನೋಡಿ "ಯಾರ ಪಿಕ್ಚರ್ ರೀ ಇದು, ನಂದೋ ಅವರದೋ?" ಎಂದು ಸಿಡುಕಿದ. ಆದರೂ ತನ್ನ ಮಾತುಗಳಿಗೆ ದನಿ ಕೊಟ್ಟು ಹೋದ. ಮುನಿನಾರಾಯಣಪ್ಪ ಮಾತ್ರ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಸದ್ಯಕ್ಕೆ ನಿಮ್ ಹೆಸ್ರೇ ಇರ್‍ಲಿ. ಜನ ಏನಂತಾರೋ ನೋಡ್ಕೊಂಡು ಮುಂದಿನ ಮಾತು" ಎಂದರು.

ಬಿಡುಗಡೆಯ ಶುಕ್ರವಾರ, ಹಲಸೂರಿನ ಒಂದು ಟಾಕೀಸಿನಲ್ಲಿ ಮಧ್ಯಾಹ್ನದ ಆಟ. ವಾಜಿದ್‌ಗೆ ಕೂರಲಾಗಲಿಲ್ಲ. ಅಕ್ತರ್ ಜೊತೆ ಹಿಂದಿನ ಬಾಗಿಲ ಹತ್ತಿರ ನಿಂತ, ಪರಿಸ್ಥಿತಿ ಕೆಟ್ಟರೆ ಓಡಲು ಅನುಕೂಲವಿರಲಿ ಎಂದು. ಮೊದಲ ಫೈಟಿಗೆ ಸಿಳ್ಳೆ ಬಿದ್ದವು. ಟೀ ಅಂಗಡಿಯ ದೃಶ್ಯಕ್ಕೆ ನಗು. ಸಂತೆಯಲ್ಲಿ ಅವೇ ಎಂಟು ಮುಖ ಕಂಡಕೂಡಲೇ ಯಾರೋ ಕೂಗಿದರು: "ಲೋ, ಅವ್ರೇ ಬಂದ್ರು ಕಣ್ರೋ ಮತ್ತೆ!" ಇಡೀ ಟಾಕೀಸು ಹೋ ಎಂದಿತು. ಅದು ಗೇಲಿಯೋ ಖುಷಿಯೋ ವಾಜಿದ್‌ಗೆ ತಿಳಿಯಲಿಲ್ಲ. ಅವನು ಬಾಗಿಲ ಹಿಡಿಯ ಮೇಲೆ ಕೈ ಇಟ್ಟ.

ಅಡುಗೆಮನೆಯ ದೃಶ್ಯ ಬಂದಾಗ ಕಡಲೆಕಾಯಿ ಸುಲಿಯುವ ಸದ್ದು ಕೂಡ ನಿಂತಿತು.

ಆಮೇಲೆ ಕೊನೆಯ ಫೈಟು. ಹೀರೋ ಎಲ್ಲರನ್ನೂ ಬಡಿದು ಬೀಳಿಸಿ, ಕೊನೆಗೆ ಉಳಿದ ಅಕ್ತರ್ ಅವರ ಕೊರಳಪಟ್ಟಿ ಹಿಡಿದು ಮುಷ್ಟಿ ಎತ್ತಿದ. ಮುಂದಿನ ಸಾಲಿನಿಂದ ಒಬ್ಬ ಆಟೋದವನು ಎದ್ದು ನಿಂತು, ಖಾಕಿ ಅಂಗಿಯ ತೋಳು ಮೇಲೆತ್ತಿ, ಪರದೆಗೆ ಕೈ ಅಡ್ಡ ಹಿಡಿದ.

"ಬಿಡು ಗುರು! ಅವನ್ನ ಹೊಡೀಬೇಡ!"

"ಹೊಡೀಬೇಡ, ಬಿಟ್ಬಿಡು!" ಎಂದು ಇನ್ನೊಂದು ಮೂಲೆಯಿಂದ. ಬಾಲ್ಕನಿಯಿಂದ ಹೆಂಗಸರ ದನಿಗಳೂ ಸೇರಿಕೊಂಡವು. ಆದರೆ ಆ ಏಟು ತಿಂಗಳುಗಳ ಹಿಂದೆಯೇ ಚಿತ್ರೀಕರಣವಾಗಿತ್ತು, ಬಿದ್ದೇ ಬಿತ್ತು. ಅಕ್ತರ್ ಮುಖ ತೋರಿಸಿಕೊಂಡೇ ನೆಲಕ್ಕೆ ಬಿದ್ದರು. "ಅಯ್ಯೋ!" ಎಂದು ಇಡೀ ಟಾಕೀಸು ಒಂದೇ ಬಾಯಲ್ಲಿ ಅಂದಿತು.

ಮುನಿನಾರಾಯಣಪ್ಪ ಕತ್ತಲಲ್ಲಿ ತಡವರಿಸುತ್ತ ಬಾಗಿಲ ಹತ್ತಿರ ಬಂದು ವಾಜಿದ್‌ನ ಭುಜ ಹಿಡಿದು ಅಲ್ಲಾಡಿಸಿದರು. "ಇನ್ನೊಂದ್ ಪಿಕ್ಚರ್ ಮಾಡಾಣ ಕಣ್ರೀ" ಎಂದರು. ಬದುಕಿನಲ್ಲಿ ಇದಕ್ಕಿಂತ ಒಳ್ಳೆಯ ಮಾತನ್ನು ವಾಜಿದ್ ಕೇಳಿರಲಿಲ್ಲ. ಅದನ್ನು ಹಂಚಿಕೊಳ್ಳಲು ಪಕ್ಕಕ್ಕೆ ತಿರುಗಿದ.

ಅಕ್ತರ್ ಪರದೆಯನ್ನು ನೋಡುತ್ತಿರಲಿಲ್ಲ. ಇನ್ನೂ ನಿಂತೇ ಇದ್ದ ಆ ಆಟೋದವನನ್ನು ನೋಡುತ್ತಿದ್ದರು.

"ಎಷ್ಟ್ ವರ್ಷದಿಂದ ಬೀಳ್ತಾ ಇದೀನೋ ವಾಜಿದ್" ಎಂದರು ಅವರು. "ಹೊಡೀಬೇಡ ಅಂತ ಯಾರೂ ಅಂದಿರ್ಲಿಲ್ಲ."