ಎಂಟಕ್ಕಿಂತ ಕಡಿಮೆ ಕುದುರೆ ಓಡಿದರೆ

ನಮ್ಮಪ್ಪ ಅಕ್ಕನ ಮದುವೆಯನ್ನು ಕುದುರೆ ಬಾಲಕ್ಕೆ ಕಟ್ಟಿದ ಎಂದು ನೆಂಟರು ಹೇಳುತ್ತಾರೆ. ಮಂಡ್ಯದಲ್ಲಿ ಹೇಳುತ್ತಾರೆ, ಮದ್ದೂರಿನಲ್ಲಿ ಹೇಳುತ್ತಾರೆ, ಮಳವಳ್ಳಿಯಲ್ಲಂತೂ ನಮ್ಮ ಮುಖ ನೋಡದವರೂ ಹೇಳುತ್ತಾರೆ. ರೇಸಿನಲ್ಲಿ ಕಳೆದುಕೊಂಡವರ ಬಗ್ಗೆ ನಮ್ಮ ಕಡೆ ಆಡುವ ಮಾತೇ ಅದು. ಒಬ್ಬ ಗದ್ದೆಯನ್ನು ಕುದುರೆ ಬಾಲಕ್ಕೆ ಕಟ್ಟಿದ, ಇನ್ನೊಬ್ಬ ಹೆಂಡತಿಯ ಸರ ಕಟ್ಟಿದ. ನಮ್ಮಪ್ಪ ಮಗಳ ಮದುವೆ ಕಟ್ಟಿದ.

ನಾನು ಇದನ್ನು ಒಪ್ಪಿಲ್ಲ. ಮಗಳು ಅನ್ನುವ ಕಾರಣಕ್ಕಲ್ಲ. ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಷ್ಟ್ರು ಯಾವ ಮಾತನ್ನು ಕೇಳಿದರೂ ಮೊದಲು ‘ನೋಡಿದವರು ಯಾರು?’ ಅನ್ನುತ್ತಿದ್ದರು. ಅಪ್ಪನನ್ನು ರೇಸ್ ಕೋರ್ಸಿನಲ್ಲಿ ನೋಡಿದವರು ಯಾರೂ ಇಲ್ಲ. ಅವನ ಕೈಯಲ್ಲಿ ರೇಸ್ ಪುಸ್ತಕ ನೋಡಿದವರಿಲ್ಲ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸ್ಕೂಲು, ಮನೆ, ತರಕಾರಿ ಮಾರ್ಕೆಟ್ಟು, ಆಗಾಗ ಪೇಪರ್ ತಿದ್ದುವ ಕೆಲಸಕ್ಕೆ ಬೆಂಗಳೂರು. ಅವನ ವಿರುದ್ಧ ಇರುವ ಸಾಕ್ಷಿ ಒಂದೇ, ಅವನೇ ಬಾಯಿಬಿಟ್ಟು ಆಡಿದ ಒಂದು ಮಾತು. ಅದನ್ನು ಆಡಿದಾಗ ನಾನು ಅಲ್ಲೇ ಕಾಫಿ ಲೋಟ ಹಿಡಿದುಕೊಂಡು ನಿಂತಿದ್ದೆ.

ಅಕ್ಕ ಟೀಚರ್ ಟ್ರೈನಿಂಗ್ ಮುಗಿಸಿ ಮನೆಯಲ್ಲಿದ್ದಳು. ಮೊದಮೊದಲು ಬಂದ ಗಂಡುಗಳ ಕಡೆಯವರೆಲ್ಲ ಒಂದೇ ಮಾತು ಹೇಳಿದ್ದರು, ಸೊಸೆಯನ್ನು ಕೆಲಸಕ್ಕೆ ಕಳಿಸುವ ಗತಿ ನಮಗೆ ಬಂದಿಲ್ಲ ಅಂತ. ಅಕ್ಕ ಆ ಗಂಡುಗಳನ್ನೆಲ್ಲ ಬೇಡ ಅಂದಿದ್ದಳು. ನಮ್ಮನೆಯಲ್ಲಿ ವಾದ ಮಾಡುವವಳು ನಾನು. ಅಕ್ಕ ಬೇಡ ಅಂದರೆ ಬೇಡ, ಅಷ್ಟೇ, ಮುಂದಕ್ಕೆ ಮಾತಿಲ್ಲ. ಆಮೇಲೆ ಮಳವಳ್ಳಿಯ ಸಂಬಂಧ ಬಂತು. ಹುಡುಗ ಅಲ್ಲಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಹುಡುಗಿ ಸ್ಕೂಲಿಗೆ ಹೋಗುವುದಾದರೆ ಹೋಗಲಿ ಎಂದು ಅವರೇ ಹೇಳಿ ಕಳಿಸಿದ್ದರು. ಅಕ್ಕ ಅವತ್ತು ಬೇಡ ಅನ್ನಲಿಲ್ಲ. ಬಟ್ಟೆ ಒಣಗಹಾಕಿ ಬಂದು, ‘ಮಳವಳ್ಳಿ ಹತ್ತಿರದ ಹಳ್ಳಿಗಳಲ್ಲಿ ಸ್ಕೂಲಿಗೆ ಟೀಚರು ಬೇಕಂತೆ’ ಅಂದಳು. ಅವಳ ಮಟ್ಟಿಗೆ ಅದೇ ಒಪ್ಪಿಗೆ.

ಹೆಣ್ಣು ನೋಡುವುದಕ್ಕೆ ಬರುವ ದಿನ ಗೊತ್ತಾದ ಮೇಲೆ, ಕೆರಗೋಡಿನಲ್ಲಿ ಒಂದು ನಾಮಕರಣದ ಊಟಕ್ಕೆ ಹೋಗಿದ್ದ ಅವ್ವ ಒಂದು ಸುದ್ದಿ ಹೊತ್ತು ತಂದಳು. ಆ ಹುಡುಗ ರೇಸಿಗೆ ಹೋಗುತ್ತಾನಂತೆ. ಹೇಳಿದವಳಿಗೆ ಇನ್ಯಾರೋ ಹೇಳಿದ್ದು. ನಾನು ನೋಡಿದವರು ಯಾರು ಅಂದೆ. ಅವ್ವ ನನ್ನ ಕಡೆ ತಿರುಗದೆ, ‘ನಿನ್ ಕಾಲೇಜ್ ಮಾತು ಆಚೆಗಿಡು’ ಅಂದಳು. ಆಮೇಲೆ ಮದ್ದೂರಿನ ಮಾವನಿಗೆ ಹೇಳಿ ಕಳಿಸಿದಳು.

ಮಾವ ಅಂದರೆ ಅವ್ವನ ತಮ್ಮ. ಮದ್ದೂರಿನ ರೈಲ್ವೆ ಸ್ಟೇಷನ್ ಹತ್ತಿರ ಸೈಕಲ್ ಷಾಪ್ ಇಟ್ಟಿದ್ದ. ಬೆಂಗಳೂರಿನಲ್ಲಿ ರೇಸ್ ಇರುವ ದಿನ ಸುತ್ತಲ ಹಳ್ಳಿಯವರು ಅವನ ಅಂಗಡಿಯಲ್ಲಿ ಸೈಕಲ್ ಬಿಟ್ಟು ರೈಲು ಹತ್ತುತ್ತಿದ್ದರು. ವಾಪಸ್ ಬಂದು ಸೈಕಲ್ ತೆಗೆದುಕೊಳ್ಳುವಾಗ ಗೆದ್ದವರು ಒಂದಷ್ಟು ಮಾತಾಡುತ್ತಿದ್ದರು, ಸೋತವರು ಅದಕ್ಕಿಂತ ಹೆಚ್ಚು. ಅದನ್ನು ಕೇಳಿ ಕೇಳಿ ಮಾವನಿಗೆ ರೇಸಿನ ಭಾಷೆ ಬಂದಿತ್ತು.

‘ಆಡೋನು ಬಾಯಿ ಕಟ್ಕಂಡು ಇರಕಾಗಕಿಲ್ಲ ಕಣಕ್ಕ,’ ಅಂದ ಮಾವ. ‘ರೇಸ್ ಇಸ್ಯ ಯಾರಾರ ತಪ್ಪು ಏಳುದ್ರೆ ಸಾಕು, ಉಣ್ಣೋ ತಟ್ಟೆ ಬುಟ್ಟು ಎದ್ ಬಂದು ತಿದ್ತಾನೆ. ಅವತ್ತು ನಾನು ಬೇಕಂತ ಒಂದು ತಪ್ಪು ಏಳ್ತೀನಿ. ಉಡ್ಗ ತಿದ್ದುದ್ನಾ, ರೇಸ್ನೋನು. ತಿದ್ನಿಲ್ವಾ, ಚಿನ್ನದಂಥ ಉಡ್ಗ.’

‘ಹಂಗಾದ್ರೆ ನೀನೂ ರೇಸ್ನೋನೇ ಆದೆ ಮಾವ. ನಿಂಗೂ ಎಲ್ಲಾ ಗೊತ್ತಲ್ಲ,’ ಅಂದೆ.

‘ಲೇ ಲಾಯರಮ್ಮ, ಸುಮ್ಕಿರು. ನಾನು ಪಂಚರ್ ಆಕೋನು. ಟ್ಯೂಬಿಗೆ ತೇಪೆ ಆಕೋವಾಗ ಕಿವಿಗೂ ಒಂದು ತೇಪೆ ಆಕ್ಕೊಳಾದಾ?’

ನಾನು ಬಿಡಲಿಲ್ಲ. ಹುಡುಗ ಸುಮ್ಮನಿದ್ದರೆ ಅವನಿಗೆ ಗೊತ್ತಿಲ್ಲ ಎಂದೂ ಆಗಬಹುದು, ಗೊತ್ತಿದ್ದೂ ಬಾಯಿಬಿಡದ ಜಾಣ ಎಂದೂ ಆಗಬಹುದು. ತಿದ್ದಿದರೆ ಆಡುವವನು ಎಂದೂ ಆಗಬಹುದು, ನಿನ್ನ ಹಾಗೆ ಕೇಳಿ ಕಲಿತವನು ಎಂದೂ ಆಗಬಹುದು. ಈ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ ಅಂದೆ. ಅವ್ವನಿಗೆ ಬೇರೆಯೇ ಚಿಂತೆ.

‘ಅವ್ನು ತಿದ್ದುದ್ರೆ ಸರಿಯಾಗಿ ತಿದ್ದುದ್ನೋ ಇಲ್ವೋ ನಂಗೆಂಗ್ಲಾ ಗೊತ್ತಾಗದು? ನಂಗೂ ಒಸಿ ಏಳ್ಕೊಡು.’

ಹಾಗೆ ನಮ್ಮನೆಯ ನಡುಮನೆಯಲ್ಲಿ ರೇಸಿನ ಪಾಠವಾಯಿತು. ಅವರೆಕಾಯಿಯ ಕಾಲ. ಅವ್ವ, ಅಕ್ಕ, ನಾನು ಕಾಯಿ ಸುಲಿಯುತ್ತಿದ್ದೆವು. ಅಪ್ಪ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ನಮಗೆ ಬೆನ್ನು ಮಾಡಿ ಮಕ್ಕಳ ಟೆಸ್ಟ್ ಪೇಪರ್ ತಿದ್ದುತ್ತಿದ್ದ. ಮಾವ ಮೊರದಿಂದ ಒಂದು ಹಿಡಿ ಕಾಳು ತೆಗೆದು ನೆಲದ ಮೇಲೆ ಸಾಲಾಗಿಟ್ಟ.

‘ಇವು ಕುದ್ರೆಗೋಳು. ಈ ಕುದ್ರೆ ಮೊದ್ಲು ಬತ್ತದೆ ಅಂತ ಕಾಸು ಕಟ್ಟುದ್ರೆ ವಿನ್ ಕಟ್ಟುದ್ದು ಅಂತ. ಅದು ಮೊದ್ಲೇ ಬರ್ಬೇಕು. ಮೂಗುದ್ದ ಇಂದೆ ಬಿದ್ರೂ ಕಾಸು ಓಯ್ತು. ಪ್ಲೇಸ್ ಕಟ್ಟುದ್ರೆ ಅಂಗಲ್ಲ. ಮೊದಲ್ನೇದು, ಎರಡ್ನೇದು, ಮೂರನೇದು, ಯಾವುದ್ರಲ್ಲಿ ಬಂದ್ರೂ ಕಾಸು ಬತ್ತದೆ. ಒಸಿ ಕಮ್ಮಿ ಬತ್ತದೆ, ಅಷ್ಟೇಯ. ಫೇವರಿಟ್ ಅಂದ್ರೆ ಇದೇ ಗೆಲ್ಲದು ಅಂತ ಎಲ್ರೂ ಕಟ್ಟಿರೋ ಕುದ್ರೆ. ಅದು ಗೆದ್ರೆ ಕೈಗೆ ಏನೂ ಸಿಕ್ಕಕಿಲ್ಲ.’

‘ಎಲ್ರೂ ಏಳುದ್ದೇ ಗೆದ್ರೆ ಯಾಕ್ಲಾ ಸಿಕ್ಕಕಿಲ್ಲ?’ ಅಂದಳು ಅವ್ವ.

‘ಒಂದೇ ಓಳಿಗೆ, ಊರೆಲ್ಲಾ ಪಂಕ್ತೀಲಿ ಕೂತದೆ ಅನ್ಕೊ. ನಿಂಗೆಷ್ಟು ಬಂದಾತು?’

ಬುಕ್ಕಿ ಅಂದರೆ ಬಾಜಿ ಕಟ್ಟಿಸಿಕೊಳ್ಳುವವನು. ಯಾವ ಕುದುರೆ ಗೆದ್ದರೂ ಅವನ ಮನೆಯಲ್ಲಿ ಬಾಡೂಟ ತಪ್ಪುವುದಿಲ್ಲ ಎಂದ ಮಾವ. ಟಿಪ್ಸ್ ಅಂದರೆ ಕುದುರೆ ಲಾಯದಿಂದಲೇ ಬಂತು ಎಂದು ಕಿವಿಯಲ್ಲಿ ಹೇಳುವ ಗುಟ್ಟು. ‘ಟಿಪ್ಸ್ ಕೊಡೋನು ಯಾವತ್ತೂ ತನ್ ಕಾಸು ಕಟ್ಟಕಿಲ್ಲ, ಬೇಕಾರೆ ನೋಡ್ಕೊ.’ ಅವ್ವ ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡಳು. ವಿನ್, ಪ್ಲೇಸ್, ಫೇವರಿಟ್. ಅಕ್ಕ ಸಾಲಿನಿಂದ ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದು, ‘ಈ ಕುದುರೆಗೆ ಹುಳ ಬಿದ್ದದೆ ಮಾವ’ ಅಂದು ಆಚೆಗೆ ಎಸೆದಳು. ಎಲ್ಲರೂ ನಕ್ಕೆವು. ಅಪ್ಪ ತಿರುಗಿ ನೋಡಲಿಲ್ಲ.

ಮಳವಳ್ಳಿಯವರು ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಬಂದರು. ಹುಡುಗ, ಅವನ ತಂದೆ, ಅವನ ಸೋದರಮಾವ. ಉಪ್ಪಿಟ್ಟು, ಕೇಸರಿಬಾತು ಆಯಿತು. ಅಕ್ಕ ಬಂದು ಚಾಪೆಯ ಮೇಲೆ ಕೂತಳು. ಟ್ರೈನಿಂಗ್‌ನಲ್ಲಿ ಯಾವ ಕ್ಲಾಸಿಗೆ ಪಾಠ ಮಾಡಿದ್ರಿ ಎಂದು ಹುಡುಗ ಕೇಳಿದ. ಮೂರನೇ ಕ್ಲಾಸು ಅಂದಳು. ಅವರು ಮಾತು ಕೇಳ್ತಾರಾ ಅಂದ. ‘ಕಥೆ ಹೇಳಿದ್ರೆ ಕೇಳ್ತಾರೆ’ ಅಂದಳು. ಹುಡುಗನ ತಂದೆ ಅಪ್ಪನ ಕಡೆ ತಿರುಗಿ, ‘ಕೆಲ್ಸುಕ್ಕೆ ಓಗದಾದ್ರೆ ಓಗ್ಲಿ ಬುಡಿ ಮೇಷ್ಟ್ರೇ, ನಮ್ಮನೇಲಿ ಅದುಕ್ಕೇನೂ ಅಡ್ಡಿ ಇಲ್ಲ’ ಅಂದರು. ಅಕ್ಕ ತಲೆ ಎತ್ತಿ ಅವರನ್ನು ನೇರವಾಗಿ ನೋಡಿದಳು.

ಅಲ್ಲಿಗೆ ಬಿಡಬಹುದಿತ್ತು. ಆದರೆ ಪರೀಕ್ಷೆ ಬಾಕಿ ಇತ್ತು. ಮಾವ ಕೆಮ್ಮಿ ಶುರು ಮಾಡಿದ.

‘ನಮ್ ಷಾಪ್ ತಾವ ರೇಸ್ನೋರ್ ಕಾಟ ಕಣ್ರಪ್ಪ. ಮೊನ್ನೆ ಒಬ್ಬ ಪ್ಲೇಸ್ ಕಟ್ಟಿದ್ನಂತೆ. ಕುದ್ರೆ ಮೂರನೇದಾಗಿ ಬಂತಂತೆ. ಓಯ್ತಲ್ಲ ಕಾಸು! ಪ್ಲೇಸ್ ಕಟ್ಟುದ್ಮೇಲೆ ಕುದ್ರೆ ಮೊದ್ಲೇ ಬರ್ಬೇಕು, ಅಲ್ವುರಾ?’

ಹುಡುಗ ಕೇಸರಿಬಾತಿನ ದ್ರಾಕ್ಷಿ ಆರಿಸುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ಅವ್ವ ಅಡುಗೆಮನೆ ಬಾಗಿಲಲ್ಲಿ ಸೆರಗು ಹಿಡಿದು ಅವನ ಬಾಯನ್ನೇ ನೋಡುತ್ತಿದ್ದಳು. ಮಾವ ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳಿದ. ‘ಮೊದ್ಲು ಬಂದ್ರೆ ಮಾತ್ರ ಪ್ಲೇಸು. ಮೂರನೇದು ಬಂದ್ರೆ ಏನೂ ಇಲ್ಲ.’

‘ಅಲ್ಲ ಕಣಯ್ಯ,’ ಅಂದ ಅಪ್ಪ.

ಬೋರ್ಡಿನ ಮೇಲೆ ಹುಡುಗರು ತಪ್ಪು ಲೆಕ್ಕ ಬರೆದಾಗ ಮಾತಾಡುವ ಧ್ವನಿ ಅದು. ‘ಪ್ಲೇಸ್ ಅಂದ್ರೆ ಮೊದಲ ಮೂರರೊಳಗೆ ಯಾವುದು ಬಂದ್ರೂ ಸರಿ. ಓಡೋ ಕುದುರೆ ಎಂಟಕ್ಕಿಂತ ಕಮ್ಮಿ ಇದ್ದಾಗ ಮಾತ್ರ ಮೊದಲ ಎರಡು. ಆಗ ಮೂರನೇದಕ್ಕೆ ಇಲ್ಲ.’

ಮಾವನ ಬಾಯಿ ತೆರೆದೇ ಇತ್ತು. ಹುಡುಗ ಈಗ ತಲೆ ಎತ್ತಿ ಅಪ್ಪನನ್ನು ನೋಡಿದ. ಹುಡುಗನ ಸೋದರಮಾವ ನೀರಿನ ಲೋಟ ಕೆಳಗಿಟ್ಟು, ‘ಮೇಷ್ಟ್ರು ಒಳ್ಳೇ ಲೆಕ್ಕ ಇಟ್ಟವ್ರೆ’ ಅಂದರು. ನಾನು ಹಿಡಿದಿದ್ದ ಕಾಫಿಯನ್ನು ಕೊಟ್ಟೆ. ಕುಡಿದರು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಅಕ್ಕ ಚಾಪೆ ಸುತ್ತಿಟ್ಟಳು.

ರೇಸ್ನೋರ ಮನೆ ಹೆಣ್ಣು ಬೇಡವಂತೆ ಎಂದು ಸಂಬಂಧ ತಂದವರೇ ಬಂದು ಹೇಳಿ ಹೋದರು. ನಮ್ಮ ಪರೀಕ್ಷೆಯ ಪ್ರಕಾರ ಹುಡುಗ ಪಾಸಾಗಿದ್ದ.

ಆಮೇಲೆ ನಾನು ಸಿಕ್ಕಿದವರ ಹತ್ತಿರವೆಲ್ಲ ವಾದ ಮಾಡಿದೆ. ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ನಲ್ಲಿ ಹತ್ತಿರ. ಅವರು ಬರುವುದಕ್ಕೆ ಮೊದಲೇ ಮಾವ ಇದೇ ಪಾಠವನ್ನು ನಮಗೆ ಹೇಳಿಕೊಟ್ಟಿದ್ದ, ಅಪ್ಪನ ಕಿವಿಗೂ ಬಿದ್ದಿತ್ತು, ಲೆಕ್ಕದ ಮೇಷ್ಟ್ರಿಗೆ ತಪ್ಪು ಕೇಳಿ ಸುಮ್ಮನಿರುವುದಕ್ಕೆ ಆಗಲಿಲ್ಲ. ಪ್ಲೇಸ್ ಅಂದರೆ ಏನು ಅಂತ ಗೊತ್ತಿರುವವರೆಲ್ಲ ಜೂಜಾಡುವವರಾದರೆ ನಮ್ಮವ್ವನೂ ಜೂಜಾಡುತ್ತಾಳಾ? ಚಿಕ್ಕರಸಿನಕೆರೆಯಲ್ಲಿ ನಮ್ಮ ದೊಡ್ಡಮ್ಮ ಒಬ್ಬಳು, ‘ಬಾಯಲ್ಲಿ ನಿನ್ನ ಗೆಲ್ಲೋರ್ಯಾರವ್ವ, ಆದ್ರೂ ನಿಮ್ಮಪ್ಪ ಆಡ್ತಿದ್ದ ಬುಡು’ ಅಂದು ಊಟದ ಎಲೆ ಮಡಚಿ ಎದ್ದಳು. ನಾನು ಎಲ್ಲ ಕಡೆ ಗೆದ್ದೆ. ಯಾರೂ ಮನಸ್ಸು ಬದಲಾಯಿಸಲಿಲ್ಲ.

ಅಕ್ಕ ಮುಂದಿನ ಗಂಡನ್ನು ಬೇಡ ಅನ್ನಲಿಲ್ಲ. ಕೆರಗೋಡಿನ ಕಡೆ ಕೊಟ್ಟರು. ಕಬ್ಬು, ಭತ್ತ, ಹಸು, ದೊಡ್ಡ ಮನೆ. ಸೊಸೆ ಕೆಲಸಕ್ಕೆ ಹೋಗುವ ಮನೆಯಲ್ಲ. ಹೋದಾಗಲೆಲ್ಲ ಅಡುಗೆ ಚೆನ್ನಾಗಿ ಮಾಡಿ ಬಡಿಸುತ್ತಾಳೆ. ಅವಳ ಮೈದುನನ ಮಗುವಿಗೆ ಒಮ್ಮೆ ಮಗ್ಗಿ ಹೇಳಿಕೊಡುತ್ತಿದ್ದಳು, ನಾನು ಒಳಗೆ ಬಂದಿದ್ದಕ್ಕೆ ನಿಲ್ಲಿಸಿದಳು. ಯಾಕೆ ನಿಲ್ಲಿಸಿದೆ ಅಂದೆ. ಸುಮ್ಮನೆ ಅಂದಳು.

ಇಷ್ಟೂ ದಿನ ನನ್ನ ವಾದದಲ್ಲಿ ಒಂದು ತೂತು ಇತ್ತು. ಎದುರಾಳಿಗಳಿಗೆ ಅದು ಕಂಡಿರಲಿಲ್ಲ. ನನಗೆ ಕಂಡಿತ್ತು. ಮೊದಲ ಮೂರು ಅನ್ನುವುದನ್ನು ಮಾವ ಹೇಳಿಕೊಟ್ಟಿದ್ದ. ಎಂಟರ ಮಾತನ್ನು ಅವನು ಎತ್ತಿರಲೇ ಇಲ್ಲ. ಇತ್ತೀಚೆಗೆ ಮದ್ದೂರಿನಲ್ಲಿ ಇಳಿದವಳು ಅವನ ಷಾಪಿಗೆ ಹೋಗಿ ಅದನ್ನೇ ಕೇಳಿದೆ. ಮಾವ ಬಕೆಟ್ ನೀರಿನಲ್ಲಿ ಟ್ಯೂಬ್ ಅದ್ದಿ ಗುಳ್ಳೆ ಎಲ್ಲಿ ಬರುತ್ತೆ ಅಂತ ನೋಡುತ್ತಿದ್ದ.

‘ನಂಗೇ ಗೊತ್ತಿರ್ನಿಲ್ಲ ಕಣವ್ವ,’ ಅಂದ. ‘ಅವತ್ತು ನಿಮ್ಮಪ್ಪ ಏಳುದ್ಮೇಲೆ ರೇಸ್ನೋರ್ನ ಕೇಳ್ದೆ. ಊಂ, ಅಂಗೇ ಅಂತೆ. ಸುಮಾರು ವರ್ಸ ರೇಸ್ಗೆ ಓಗಿ ಬಂದೋರ್ಗೆ ಮಾತ್ರ ಗೊತ್ತಿರ್ತದೆ ಅಂದ್ರು.’ ಟ್ಯೂಬ್ ಒರೆಸುತ್ತಾ, ‘ನಿಮ್ಮವ್ವುಂಗೆ ಏಳಕ್ಕೋಗ್ಬ್ಯಾಡ’ ಅಂದ.

ಅಪ್ಪನ ಪರವಾಗಿ ಇನ್ನೊಂದು ಸಲ ವಾದ ಮಾಡಿ ನೋಡಿದೆ. ಪೇಪರಿನಲ್ಲಿ ಓದಿರಬಹುದು. ಆದರೆ ಪೇಪರಿನಲ್ಲಿ ಯಾವ ಕುದುರೆ ಗೆದ್ದಿತು ಎಂದು ಹಾಕುತ್ತಾರೆಯೇ ಹೊರತು ಆಟದ ಕಾನೂನು ಹಾಕುವುದಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿರಬಹುದು. ಹಾಗಿದ್ದರೆ ಅಪ್ಪ ಅವತ್ತೇ ಅಷ್ಟು ಹೇಳಿದ್ದರೆ ಸಾಕಿತ್ತು, ಮಳವಳ್ಳಿಯವರು ನಕ್ಕು ಇನ್ನೊಂದು ಲೋಟ ಕಾಫಿ ಕುಡಿಯುತ್ತಿದ್ದರು. ಅವನು ಏನೂ ಹೇಳಲಿಲ್ಲ. ಅವರು ಹೋದ ಮೇಲೆ ನಮಗೂ ಹೇಳಲಿಲ್ಲ. ಬೆಂಗಳೂರಿನಲ್ಲಿ ಪೇಪರ್ ತಿದ್ದುವ ಕೆಲಸ ಎಷ್ಟು ಸಲ ಇತ್ತು ಎಂದು ಸ್ಕೂಲಿನಲ್ಲಿ ವಿಚಾರಿಸಬಹುದು. ನಾನು ವಿಚಾರಿಸಿಲ್ಲ. ಕೋಪ ಬರಬೇಕಿತ್ತು, ಅದೂ ಬರಲಿಲ್ಲ. ಮದ್ದೂರಿನಿಂದ ಮಂಡ್ಯದವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ, ಸೀಟು ಖಾಲಿಯಾದರೂ ಕೂರಬೇಕು ಅನ್ನಿಸಲಿಲ್ಲ.

ಮನೆಗೆ ಬಂದಾಗ ಅಪ್ಪ ಒಬ್ಬನೇ ಇದ್ದ. ಅವ್ವ ಅಕ್ಕನ ಮನೆಗೆ ಹೋಗಿದ್ದಳು. ಅಪ್ಪ ಅಂಗಿ ಬಿಚ್ಚಿ ಬನಿಯನ್‌ನಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಊಟ ಆಯ್ತಾ ಅಂದ. ಆಯ್ತು ಅಂದೆ. ಎದುರಿಗೆ ಕೂತೆ. ವಾದ ಮಾಡುವುದಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ, ಒಂದು ಪ್ರಶ್ನೆ ಮಾತ್ರ ಇತ್ತು. ಅದನ್ನು ಕೇಳಿದೆ. ಅಪ್ಪ ಕತ್ತರಿಸಿದ ಉಗುರುಗಳನ್ನೆಲ್ಲ ಒಂದು ಕಾಗದದಲ್ಲಿ ಕೂಡಿಸಿ ಮಡಚಿ, ಎಸೆಯುವುದಕ್ಕೆ ಹಿತ್ತಲಿಗೆ ಹೋದ. ಬಂದು ಕೂತ. ಇಷ್ಟು ದಿನವಾಯಿತು, ಇನ್ನೂ ಉತ್ತರ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ: ‘ಅಪ್ಪ, ಎಂಟು ಕುದುರೆ ಮಾತು ನಿಂಗೆ ಯಾರು ಹೇಳ್ಕೊಟ್ಟಿದ್ದು?’