ಕಾಯಿಯಿಲ್ಲದ ಸಾರು

ಪಕ್ಕದ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ಕಾಣುತ್ತದೆ. ಬೆಳಗಿನಿಂದ ಸೋರೆಕಾಯಿ ಬೇಯುವ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿದೆ. ಒಗ್ಗರಣೆಯಿಲ್ಲದೆ ಬರೀ ಉಪ್ಪುನೀರಿನಲ್ಲಿ ಬೇಯುವ ಸೋರೆಕಾಯಿ ನಿಮಗೆ ಗೊತ್ತಿದ್ದರೆ, ಅದನ್ನು ವಾಸನೆ ಎನ್ನುವುದೂ ಹೆಚ್ಚೇ ಎಂದು ಒಪ್ಪುತ್ತೀರಿ. ನನಗೆ ಮಾತ್ರ ಅದರಿಂದ ಸುಜಾತತ್ತಿಗೆಯ ನೆನಪಾಗುತ್ತದೆ, ಮನಸ್ಸು ಮಂಕಾಗುತ್ತದೆ.

ಅತ್ತಿಗೆ ಬೇಲೂರಿನವರು. ತೊಂಬತ್ತರ ದಶಕದ ಮೊದಲಲ್ಲಿ ಅಣ್ಣನನ್ನು ಮದುವೆಯಾಗಿ ಅರಸೀಕೆರೆಯ ನಮ್ಮ ಮನೆಗೆ ಬಂದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಅಣ್ಣನದು ಕೊಬ್ಬರಿ ವ್ಯಾಪಾರ. ನಮ್ಮ ದಿಂಬಿಗೂ ಕೊಬ್ಬರಿ ವಾಸನೆ. ಅಮ್ಮ ಹುಳಿ ಮಾಡಲಿ, ಪಲ್ಯ ಮಾಡಲಿ, ಕಾಯಿ ಬೀಳದೆ ಪಾತ್ರೆ ಒಲೆಯಿಂದ ಇಳಿಯುತ್ತಿರಲಿಲ್ಲ. ನಾನೂ ಕಡಿಮೆಯವಳಲ್ಲ, ಚಟ್ನಿಗೆಂದು ತುರಿದಿಟ್ಟ ಕಾಯಿಯಲ್ಲಿ ಅರ್ಧ ನನ್ನ ಬಾಯಿಗೇ ಹೋಗುತ್ತಿತ್ತು. ಈಗ ನನ್ನ ಗಾತ್ರ ನೋಡಿದವರು ಇದಕ್ಕೆ ಸಾಕ್ಷಿ ಕೇಳುವುದಿಲ್ಲ.

ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಅತ್ತಿಗೆಗೆ ಹೊಟ್ಟೆನೋವು ಶುರುವಾಯಿತು. ಉಂಡ ಕೂಡಲೇ ಹಿತ್ತಿಲಿಗೆ ಓಡುವುದು, ಬಂದು ಗೋಡೆಗೆ ಒರಗಿ ಕೂರುವುದು. ಆಮೇಲೆ ರಕ್ತವೂ ಹೋಗತೊಡಗಿತು. ಬೆರಳಿನ ಗೆಣ್ಣುಗಳು ಊದಿಕೊಂಡು ಬೆಳಗ್ಗೆ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಹಾಸನದ ಡಾಕ್ಟರೊಬ್ಬರು ಕರುಳಿನಲ್ಲಿ ಹುಣ್ಣಾಗಿದೆ ಎಂದು ಮಾತ್ರೆ ಕೊಟ್ಟರು, ಜೊತೆಗೊಂದು ಪಥ್ಯ ಹೇಳಿದರು. ನಮ್ಮ ಕಡೆಯ ಬಾಣಂತಿ ಪಥ್ಯದ ಹಾಗಲ್ಲ ಅದು. ಮೊದಲು ಹಾಲು, ಗೋಧಿ, ಬೇಳೆ, ಬದನೆ, ಖಾರ, ಕಾಯಿ, ಎಲ್ಲವನ್ನೂ ಬಿಡಬೇಕು. ಬರೀ ಅನ್ನದ ಗಂಜಿ, ಬೇಯಿಸಿದ ಸೋರೆಕಾಯಿ, ಉಪ್ಪು. ಹೊಟ್ಟೆ ಶಾಂತವಾದ ಮೇಲೆ ಒಂದೊಂದೇ ಪದಾರ್ಥವನ್ನು ವಾಪಸ್ ತಂದು, ಕೆಲವು ದಿನ ಕಾದು, ಯಾವುದು ಒಗ್ಗುತ್ತದೆ ಯಾವುದು ಒಗ್ಗದು ಎಂದು ನೋಡಬೇಕು.

ಅತ್ತಿಗೆ ಸರ್ಕಾರಿ ಶಾಲೆಯಲ್ಲಿ ಟೀಚರು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರು. ಗಂಜಿ ಕುಡಿದು ಕುಡಿದು ರವಿಕೆಗಳೆಲ್ಲ ಸಡಿಲವಾದವು, ಆದರೆ ನೋವು ಇಳಿಯಿತು, ಬೆರಳು ಮಡಿಚಲು ಬಂತು. ರಾಗಿ ಮುದ್ದೆ ತಟ್ಟೆಗೆ ವಾಪಸ್ ಬಂದ ದಿನ ಅದನ್ನು ಮುರಿಯುತ್ತಲೇ ಅತ್ತುಬಿಟ್ಟರು. ಹೆಸರುಬೇಳೆ ಒಗ್ಗಿತು. ಹಾಲು ಆಗಲಿಲ್ಲ. ಕಾಯಿಯ ಸರದಿ ಬಂದಾಗ ಮತ್ತೆ ಹೊಟ್ಟೆ ಹಿಂಡಿತು. ಬಿಟ್ಟು, ಕಾದು, ಇನ್ನೊಮ್ಮೆ ನೋಡಿದರು. ಮತ್ತೆ ಅದೇ.

"ಕಾಯಿ ಆಗಲ್ವಂತಮ್ಮ," ಎಂದ ಅಣ್ಣ, ತನ್ನದೇ ತಪ್ಪೆಂಬಂತೆ.

ಅಮ್ಮ ಈಳಿಗೆಮಣೆಯಿಂದ ತಲೆಯೆತ್ತಲಿಲ್ಲ. "ಈ ಊರ್ನಲ್ಲಿ ಕಾಯಿ ತಿಂದು ಹೊಟ್ಟೆ ಕೆಟ್ಟೋರು ಯಾರವ್ರೆ ಹೇಳು. ಕಾಯಿಂದ್ಲೇ ಬದುಕ್ತಿರೋ ಮನೆ ಕಣೋ ಇದು. ಕಾಯಿ ಆಗಲ್ಲ ಅಂದ್ರೆ ನಾವು ಆಗಲ್ಲ ಅಂತ ತಾನೆ?"

ಅಮ್ಮ ಕೆಟ್ಟವಳಲ್ಲ, ನಂಬಿ. ಬಡಿಸುವುದನ್ನು ಬಿಟ್ಟರೆ ಮುದ್ದು ಮಾಡುವ ಬೇರೆ ದಾರಿ ಅವಳಿಗೆ ಗೊತ್ತಿರಲಿಲ್ಲ, ಅಷ್ಟೆ. ಜ್ವರ ಬಂದಾಗ ನಮ್ಮ ಹಣೆ ಮುಟ್ಟಿ ನೋಡುವ ಮೊದಲೇ ಒಲೆ ಹಚ್ಚುತ್ತಿದ್ದವಳು. ಈಗ ಸೊಸೆ ಒಂದು ಪುಟ್ಟ ಪಾತ್ರೆಯಲ್ಲಿ ತನ್ನದನ್ನು ತಾನೇ ಬೇಯಿಸಿಕೊಳ್ಳುತ್ತಿದ್ದರೆ, ನೆರೆಹೊರೆಯವರು "ಆಗ್ಲೇ ಬೇರೆ ಒಲೆ ಹೂಡವಳಂತೆ ನಿನ್ ಸೊಸೆ?" ಎಂದು ಕೇಳುತ್ತಿದ್ದರು. ಒಂದೇ ಮನೆಯಲ್ಲಿ ಎರಡು ಒಲೆಯೆಂದರೆ ನಮ್ಮಲ್ಲಿ ಏನರ್ಥವೆಂದು ನಿಮಗೆ ಹೇಳಬೇಕಾಗಿಲ್ಲ.

ಒಂದು ದಿನ ಅಮ್ಮ, "ಇವತ್ತು ನಿನ್ ಸಾರು ನಾನೇ ಮಾಡ್ತೀನಿ, ಕಾಯಿ ಹಾಕಲ್ಲ ಬಿಡು," ಎಂದಳು. ಅತ್ತಿಗೆಯ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. ಎರಡು ಸಲ ಹಾಕಿಸಿಕೊಂಡು ಉಂಡರು.

ಮರುದಿನ ಬೆಳಗ್ಗೆ ಹಿತ್ತಿಲಲ್ಲಿ ಅಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ನೆನ್ನೆ ಸಾರಿಗೆ ಕಾಯಿಹಾಲು ಹಿಂಡಿ ಹಾಕಿದ್ದೆ ಕಣೇ. ನೋಡು, ಏನಾದ್ರೂ ಆಯ್ತಾ? ಎಲ್ಲಾ ಮನಸ್ಸಿಂದು." ದನಿಯಲ್ಲಿ ಕೊಂಕಿರಲಿಲ್ಲ. ಸೊಸೆಗೆ ಕಾಯಿಲೆಯೇ ಇಲ್ಲ ಎಂಬ ಸಮಾಧಾನವಿತ್ತು.

ಮಧ್ಯಾಹ್ನದ ಹೊತ್ತಿಗೆ ಅತ್ತಿಗೆ ಬಚ್ಚಲಲ್ಲಿ ಕುಸಿದಿದ್ದರು. ಹಾಸನದ ಆಸ್ಪತ್ರೆಯಲ್ಲಿ ರಕ್ತ ಕೊಡಿಸಬೇಕಾಯಿತು. ಅಲ್ಲೇ ಹೊರಗಿನ ಬೆಂಚಿನ ಮೇಲೆ ನಾನು ಅಣ್ಣನಿಗೆ ವಿಷಯ ಹೇಳಿದೆ. ಅವನು ಡಾಕ್ಟರನ್ನು ಕೇಳಿದ. "ಅದರಿಂದಲೇ ಅಂತ ಖಂಡಿತ ಹೇಳಕ್ಕಾಗಲ್ಲ. ಈ ಕಾಯಿಲೆ ತಾನಾಗೇ ಕೆರಳೋದೂ ಉಂಟು," ಎಂದರು ಅವರು. ಈ ಒಂದು ಮಾತನ್ನು ಅಮ್ಮ ಆಮೇಲೆ ಬದುಕಿರುವ ತನಕ ಮನೆಯ ಕಂಬದ ಹಾಗೆ ಹಿಡಿದುಕೊಂಡಿದ್ದಳು. ಅತ್ತಿಗೆಗೆ ನಾವ್ಯಾರೂ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಚೇತರಿಸಿಕೊಂಡ ಮೇಲೆ ಅತ್ತಿಗೆ ಹಳೇಬೀಡಿನ ಶಾಲೆಗೆ ವರ್ಗ ಮಾಡಿಸಿಕೊಂಡು ಅಲ್ಲೇ ಒಂದು ರೂಮು ಹಿಡಿದರು. ಜಗಳವಿಲ್ಲ, ಮಾತಿಲ್ಲ. ಶನಿವಾರ ಬಸ್ಸಿಳಿದು ಬರುವಾಗ ಕೈಯಲ್ಲಿ ತಮ್ಮ ಊಟದ ಕ್ಯಾರಿಯರ್ ಇರುತ್ತಿತ್ತು. ಅಮ್ಮ ಅದನ್ನು ನೋಡಿಯೂ ನೋಡದವಳಂತೆ, "ಬಂದ್ಯೇನಮ್ಮ," ಎನ್ನುತ್ತಿದ್ದಳು. ಅಣ್ಣ ಎರಡು ಊರಿಗೂ ಸೇರದವನಂತೆ ಓಡಾಡಿ ಬೇಗ ಮುದುಕನಾದ.

ಕೆಲವು ವರ್ಷಗಳ ನಂತರ ಅಮ್ಮನ ಜಠರದಲ್ಲಿ ಗಡ್ಡೆ ಬೆಳೆಯಿತು. ಅತ್ತಿಗೆ ರಜೆ ಹಾಕಿ ಬಂದು ನಿಂತರು. ಗಂಜಿಯನ್ನು ಎಷ್ಟು ತೆಳುವಾಗಿ ಸೋಸಬೇಕು, ಯಾವುದರ ಮೇಲೆ ಯಾವುದು ಕೊಡಬಹುದು ಎಂಬುದು ಅವರಿಗೆ ಗೊತ್ತಿತ್ತು. ಕೊನೆಕೊನೆಗೆ ಡಾಕ್ಟರು, ಇನ್ನು ಕೇಳಿದ್ದು ಕೊಡಿ ಎಂದರು. ಅಮ್ಮ ಕೇಳಿದ್ದು ಕಾಯಿಚಟ್ನಿ. ಅತ್ತಿಗೆ ತಾವೇ ಕಾಯಿ ತುರಿದು, ನುಣ್ಣಗೆ ರುಬ್ಬಿ, ಚಮಚದ ತುದಿಯಲ್ಲಿ ಅಮ್ಮನ ನಾಲಿಗೆಗೆ ಹಚ್ಚಿದರು.

"ಚೆನ್ನಾಗೈತೆ," ಎಂದಳು ಅಮ್ಮ, ಕಣ್ಣು ಮುಚ್ಚಿ. "ನೀನೂ ಒಂಚೂರು ತಿನ್ನು."

ಅತ್ತಿಗೆ ಚಮಚ ಒರೆಸುತ್ತಿದ್ದರು. "ನಿಮ್ಮ ಕೈಯಿಂದ ಒಂದ್ಸಲ ತಿಂದಿದ್ದೀನಲ್ಲ ಅತ್ತೆ. ಸಾಕು."

ಅಮ್ಮ ಕಣ್ಣು ತೆರೆದಳು. ಕೈ ಚಾಚಿ ಸೊಸೆಯ ಬೆರಳುಗಳನ್ನು ಹಿಡಿದುಕೊಂಡಳು. ತಪ್ಪಾಯಿತು ಎನ್ನಲಿಲ್ಲ. ಅತ್ತಿಗೆ ಕೈ ಬಿಡಿಸಿಕೊಳ್ಳಲಿಲ್ಲ. ತಿರುಗಿ ಹಿಡಿಯಲೂ ಇಲ್ಲ. ಆ ವಾರವೇ ಅಮ್ಮ ಹೋದಳು.

ಅಣ್ಣ, ಅತ್ತಿಗೆ ಈಗ ಬೇಲೂರಿನಲ್ಲಿದ್ದಾರೆ. ಕಾಯಿಲೆ ಪೂರ್ತಿ ಹೋಗಿಲ್ಲ, ಬರುತ್ತದೆ, ಹೋಗುತ್ತದೆ. ಮೊನ್ನೆ ಅಲ್ಲಿ ನೆಂಟರ ಮನೆಯೊಂದರಲ್ಲಿ ಊಟಕ್ಕೆ ಕೂತಿದ್ದೆವು. ಪಕ್ಕದಲ್ಲಿ ನನ್ನ ಹೊಸ ಸೊಸೆ, ಮಗನ ಹೆಂಡತಿ. ಮೊಸರು ನನಗಾಗಲ್ಲ, ಬೇಡ ಎಂದಳು. ಬಡಿಸುತ್ತಿದ್ದ ಹಿರಿಯರು, "ಒಂಚೂರು ಹಾಕಿಸ್ಕೊಳಮ್ಮ, ಏನೂ ಆಗಲ್ಲ," ಎಂದು ಪ್ರೀತಿಯಿಂದಲೇ ಸೌಟು ಬಗ್ಗಿಸಿದರು. ನಾನು ಅವಳ ಎಲೆಗೆ ಕೈ ಅಡ್ಡ ಹಿಡಿದೆ. ಮೊಸರು ನನ್ನ ಬೆರಳ ಸಂದಿನಿಂದ ಮೊಣಕೈತನಕ ಇಳಿಯಿತು.

ಎದುರು ಸಾಲಿನಲ್ಲಿದ್ದ ಅತ್ತಿಗೆ ಊಟ ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ತಲೆ ತಗ್ಗಿಸಿ, ತಮ್ಮ ಎಲೆಯ ಸಪ್ಪೆ ಅನ್ನವನ್ನು ನಿಧಾನವಾಗಿ ಕಲಸತೊಡಗಿದರು.